ಎರಡು ರಿಟರ್ನ್, ಒಂದು ಮನೆ: ಕೆನಡಾದಲ್ಲಿ ಮಕ್ಕಳ ಬೆನಿಫಿಟ್ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ

2023ರ ಜುಲೈ 20, ಗುರುವಾರ. ಬ್ರ್ಯಾಂಪ್ಟನ್‌ನ ನಮ್ಮ ಬೇಸ್‌ಮೆಂಟ್ ಮನೆಯಲ್ಲಿ ಬೆಳಗ್ಗೆ ಎದ್ದವಳೇ ಬ್ಯಾಂಕ್ ಆ್ಯಪ್ ತೆರೆದೆ. ಮಕ್ಕಳ ಬೆನಿಫಿಟ್ ಹಣ, ಅಂದರೆ ಮಕ್ಕಳನ್ನು ಸಾಕಲು ಕೆನಡಾ ಸರ್ಕಾರ ತಿಂಗಳು ತಿಂಗಳು ಕೊಡುವ ಕೆನಡಾ ಚೈಲ್ಡ್ ಬೆನಿಫಿಟ್, ಬಂದಿರಲಿಲ್ಲ. ಮಧ್ಯಾಹ್ನ ಮತ್ತೆ ನೋಡಿದೆ, ಇಲ್ಲ. ಮರುದಿನವೂ ಇಲ್ಲ. ಬಾಡಿಗೆ 1,900 ಡಾಲರ್. ನನ್ನದು ಡೇಕೇರ್‌ನಲ್ಲಿ ಅರ್ಧ ದಿನದ ಕೆಲಸ. ನಮ್ಮ ಮನೆಯವರಿಗೆ ವೇರ್‌ಹೌಸ್‌ನಲ್ಲಿ ವಾರಕ್ಕೆ ಮೂರು ಶಿಫ್ಟ್ ಸಿಕ್ಕರೆ ಅದೇ ಜಾಸ್ತಿ. ದಿನಸಿ, ಮಗಳ ಡೈಪರ್, ಮಗನ ಶೂ ಎಲ್ಲ ಆ ಹಣದಲ್ಲೇ ನಡೆಯುತ್ತಿತ್ತು.

ಈ ಹಣ ಕೊಡುವ ಕೆನಡಾದ ಕಂದಾಯ ಇಲಾಖೆಗೆ (ಸಿಆರ್‌ಎ) ಫೋನ್ ಮಾಡಿ ಕೇಳಿದಾಗ ಕಾರಣ ತಿಳಿಯಿತು. ನಾವು ಬಂದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಆ ವರ್ಷ ನನಗೆ ಎರಡು ತಿಂಗಳ ಸಂಬಳ ಸಿಕ್ಕಿತ್ತು, ಅದಕ್ಕೆ ನನ್ನ ರಿಟರ್ನ್ ಹಾಕಿದ್ದೆ. ಮನೆಯವರಿಗೆ ಕೆಲಸ ಸಿಕ್ಕಿದ್ದು 2023ರ ಜನವರಿಯಲ್ಲಿ. 2022ರಲ್ಲಿ ಇಲ್ಲಿ ಒಂದು ಡಾಲರ್ ಸಂಪಾದನೆ ಇಲ್ಲವಲ್ಲ, ಏನಂತ ಫೈಲ್ ಮಾಡುವುದು ಅಂತ ಅವರದನ್ನು ಬಿಟ್ಟೆವು. ಅಷ್ಟಕ್ಕೇ ಹಣ ನಿಂತಿತ್ತು.

ಈಗ ಮಾರ್ಚ್, ಏಪ್ರಿಲ್ ಬಂತೆಂದರೆ ಹೊಸದಾಗಿ ಬಂದ ಕನ್ನಡದವರು ನನಗೆ ಫೋನ್ ಮಾಡುತ್ತಾರೆ. ನಾನು ಅಕೌಂಟೆಂಟ್ ಅಲ್ಲ. ಆದರೆ ನಾಲ್ಕು ವರ್ಷದಿಂದ ನಮ್ಮ ಮನೆಯ ಎರಡೂ ರಿಟರ್ನ್ ಸಂಭಾಳಿಸಿದ್ದೇನೆ. ತಪ್ಪಾದದ್ದನ್ನು ತಿದ್ದಿಸಿದ್ದೇನೆ, ಕೊಡಬೇಕಾದ್ದನ್ನು ವಾಪಸ್ ಕೊಟ್ಟಿದ್ದೇನೆ. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಾನಿರುವುದು ಒಂಟಾರಿಯೊದಲ್ಲಿ, ಹಾಗಾಗಿ ಪ್ರಾಂತ್ಯದ ವಿಷಯ ಬಂದಾಗ ಇಲ್ಲಿನದನ್ನೇ ಹೇಳುತ್ತೇನೆ. ಮಕ್ಕಳ ಬೆನಿಫಿಟ್ ಮಾತ್ರ ಇಡೀ ದೇಶಕ್ಕೆ ಒಂದೇ.

ನವೀಕರಣದ ಫಾರ್ಮ್ ಎಲ್ಲಿದೆ?

ಎಲ್ಲೂ ಇಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ. ಇಂಗ್ಲೆಂಡಿನ ಲಂಡನ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಟ್ಯಾಕ್ಸ್ ಕ್ರೆಡಿಟ್ (ಅಲ್ಲಿನ ಸರ್ಕಾರದ ನೆರವು) ಬರುತ್ತಿದ್ದಾಗ ನವೀಕರಣದ ಕಾಗದ ಮನೆಗೇ ಬರುತ್ತಿತ್ತು. ಉತ್ತರ ಕೊಡಬೇಕಾದವರು ಜುಲೈ 31ರೊಳಗೆ ಕೊಡಬೇಕಿತ್ತು. ಆ ಯೋಜನೆ 2025ರ ಏಪ್ರಿಲ್ 5ಕ್ಕೆ ಮುಗಿಯಿತು. ಕೆನಡಾದಲ್ಲಿ ಅಂಥ ಕಾಗದ ಬರುವುದಿಲ್ಲ. ಒಮ್ಮೆ ಅರ್ಜಿ ಹಾಕಿದ ಮೇಲೆ, ಪ್ರತಿ ವರ್ಷ ಸಲ್ಲಿಸುವ ಟ್ಯಾಕ್ಸ್ ರಿಟರ್ನ್‌ನೇ ನವೀಕರಣ. ಗಂಡನದೂ ಬೇಕು, ಹೆಂಡತಿಯದೂ ಬೇಕು. ಆದಾಯ ಸೊನ್ನೆ ಇದ್ದರೂ ಬೇಕು. ಸೊನ್ನೆ ಅಂತ ಬರೆದುಕೊಟ್ಟರೆ ತಾನೇ ಅವರಿಗೆ ಸೊನ್ನೆ ಅಂತ ಗೊತ್ತಾಗುವುದು?

ಬೆನಿಫಿಟ್‌ನ ವರ್ಷ ಜುಲೈಯಿಂದ ಜೂನ್‌ವರೆಗೆ. ಲೆಕ್ಕಕ್ಕೆ ಹಿಡಿಯುವುದು ಅದರ ಹಿಂದಿನ ಕ್ಯಾಲೆಂಡರ್ ವರ್ಷದ ಆದಾಯ. 2025ರ ಜುಲೈಯಿಂದ 2026ರ ಜೂನ್‌ವರೆಗಿನ ಹಣಕ್ಕೆ 2024ರ ಆದಾಯ. 2026ರ ಜುಲೈಯಿಂದ ಬರುವುದಕ್ಕೆ 2025ರ ಆದಾಯ. ರಿಟರ್ನ್ ಹಾಕಲು ಕೊನೆಯ ದಿನ ಏಪ್ರಿಲ್ 30. ಸ್ವಂತ ವ್ಯಾಪಾರ ಇರುವವರಿಗೆ, ಅವರ ಗಂಡ ಅಥವಾ ಹೆಂಡತಿಗೆ ಜೂನ್ 15. ಊಬರ್ ಓಡಿಸುವವರೂ ಇದರಲ್ಲೇ ಬರುತ್ತಾರೆ. ಆದರೆ ಬೆನಿಫಿಟ್ ಬೇಕಾದವರು ಜೂನ್‌ವರೆಗೆ ಕಾಯಬೇಡಿ. ತೆರಿಗೆ ಕಟ್ಟುವುದಿದ್ದರೆ ಅದಕ್ಕೂ ಏಪ್ರಿಲ್ 30ರ ಗಡುವೇ.

ನಮ್ಮದು ಹೇಗೆ ಸರಿಹೋಯಿತು ಅಂದರೆ, ಆಗಸ್ಟ್ ಮೊದಲ ವಾರದಲ್ಲಿ ಮನೆಯವರ ರಿಟರ್ನ್ ಹಾಕಿದೆವು. ಅಕ್ಟೋಬರ್‌ನಲ್ಲಿ ಬಾಕಿ ಎಲ್ಲ ಸೇರಿಸಿ ಬಂತು. ಹಣ ಕಳೆದುಹೋಗಲಿಲ್ಲ, ನಿಜ. ಆದರೆ ಆ ಮೂರು ತಿಂಗಳು ಕ್ರೆಡಿಟ್ ಕಾರ್ಡ್ ಮೇಲೆ ದಿನಸಿ ತಂದಿದ್ದಕ್ಕೆ ಕಟ್ಟಿದ ಬಡ್ಡಿಯನ್ನು ಯಾರೂ ವಾಪಸ್ ಕೊಡುವುದಿಲ್ಲ.

ಎಷ್ಟು ಬರುತ್ತದೆ, ಯಾಕೆ ಕಡಿಮೆಯಾಗುತ್ತದೆ

2025ರ ಜುಲೈಯಿಂದ 2026ರ ಜೂನ್‌ವರೆಗಿನ ವರ್ಷಕ್ಕೆ 6 ವರ್ಷದೊಳಗಿನ ಮಗುವಿಗೆ ಹೆಚ್ಚೆಂದರೆ 7,997 ಡಾಲರ್. 6ರಿಂದ 17 ವರ್ಷದ ಮಗುವಿಗೆ 6,748. ಮನೆಯ ಆದಾಯ 37,487 ಡಾಲರ್ ದಾಟದಿದ್ದರೆ ಪೂರ್ತಿ ಸಿಗುತ್ತದೆ. ದಾಟಿದರೆ ಇಳಿಯುತ್ತ ಹೋಗುತ್ತದೆ. ಒಂದೇ ಮಗುವಿದ್ದರೆ ದಾಟಿದ ಪ್ರತಿ 100 ಡಾಲರಿಗೆ 7 ಡಾಲರ್ ಕಡಿಮೆ. ಇಬ್ಬರಿದ್ದರೆ 13 ಡಾಲರ್ 50 ಸೆಂಟ್. ಮೂವರಿದ್ದರೆ 19. ಆದಾಯ 81,222 ದಾಟಿದ ಮೇಲೆ ಇಳಿಯುವ ವೇಗ ಕಡಿಮೆಯಾಗುತ್ತದೆ.

ಒಂದು ಮನೆ ಇಟ್ಟುಕೊಳ್ಳೋಣ. ಇಬ್ಬರು ಮಕ್ಕಳು, ಒಬ್ಬಳಿಗೆ 4, ಒಬ್ಬನಿಗೆ 9. ಇಬ್ಬರ ಆದಾಯ ಸೇರಿ 62,000. ಪೂರ್ತಿ ಹಣ 14,745. ಗಡಿ ದಾಟಿದ್ದು 24,513. ಅದರ ಶೇಕಡಾ 13.5 ಅಂದರೆ 3,309. ಕಳೆದರೆ ವರ್ಷಕ್ಕೆ 11,436, ತಿಂಗಳಿಗೆ 953 ಡಾಲರ್. ಈ ಲೆಕ್ಕ ಒಮ್ಮೆ ಕೈಯಲ್ಲಿ ಮಾಡಿ ನೋಡಿ. ಆಮೇಲೆ ಜುಲೈಯಲ್ಲಿ ಬೆನಿಫಿಟ್ ಬಗ್ಗೆ ಬರುವ ನೋಟಿಸ್ ಓದಲು ಭಯವಾಗುವುದಿಲ್ಲ.

ಇಲ್ಲಿ ಆದಾಯ ಅಂದರೆ ಸಂಬಳ ಪೂರ್ತಿ ಅಲ್ಲ. ರಿಟರ್ನ್‌ನಲ್ಲಿ ಲೈನ್ 23600 ಅಂತ ಇದೆ, ನೆಟ್ ಇನ್‌ಕಮ್. ಗಂಡನ 23600, ಹೆಂಡತಿಯ 23600 ಕೂಡಿಸಿದರೆ ಹೆಚ್ಚಿನ ಮನೆಗಳಿಗೆ ಅದೇ ಲೆಕ್ಕ. ಈ ಸಾಲಿಗೆ ಬರುವ ಮೊದಲೇ ಕಳೆಯಬಹುದಾದವು ಇವೆ. ಅವನ್ನು ಕಳೆದರೆ ತೆರಿಗೆಯೂ ಇಳಿಯುತ್ತದೆ, ಬೆನಿಫಿಟ್ಟೂ ಏರುತ್ತದೆ. ಆರ್‌ಆರ್‌ಎಸ್‌ಪಿಗೆ (ನಿವೃತ್ತಿಗಾಗಿ ಉಳಿಸುವ ಖಾತೆಗೆ) ಹಾಕಿದ ಹಣ, ಮಕ್ಕಳ ಡೇಕೇರ್ ಖರ್ಚು, ಯೂನಿಯನ್ ಚಂದಾ. ಮೇಲಿನ ಮನೆಯವರು ಆರ್‌ಆರ್‌ಎಸ್‌ಪಿಗೆ 3,000 ಹಾಕಿ ಕಳೆದರೆ ಮಕ್ಕಳ ಬೆನಿಫಿಟ್ ಒಂದರಲ್ಲೇ ವರ್ಷಕ್ಕೆ 405 ಡಾಲರ್ ಜಾಸ್ತಿ. ಹೊಸ ವರ್ಷದ ಮೊದಲ 60 ದಿನದಲ್ಲಿ ಹಾಕಿದ್ದನ್ನೂ ಹಿಂದಿನ ವರ್ಷಕ್ಕೆ ಸೇರಿಸಬಹುದು. ನಿಮಗೆ ಎಷ್ಟು ಹಾಕಲು ಅವಕಾಶ ಇದೆ ಅನ್ನುವುದು ರಿಟರ್ನ್ ನೋಡಿದ ಮೇಲೆ ಸಿಆರ್‌ಎ ಕಳಿಸುವ ನೋಟಿಸ್ ಆಫ್ ಅಸೆಸ್‌ಮೆಂಟ್‌ನಲ್ಲೇ ಬರೆದಿರುತ್ತದೆ. ಸಾಲ ಮಾಡಿ ಹಾಕಿ ಅಂತ ಮಾತ್ರ ನಾನು ಹೇಳುವುದಿಲ್ಲ. ಬಾಡಿಗೆಗೇ ತಡಕಾಡುವ ಮನೆಗೆ ಆ ಸಾಲ ಬೇಡ.

ಡೇಕೇರ್ ಖರ್ಚನ್ನು ಸಾಮಾನ್ಯವಾಗಿ ಕಡಿಮೆ ಆದಾಯ ಇರುವವರ ರಿಟರ್ನ್‌ನಲ್ಲೇ ಕಳೆಯಬೇಕು. 7 ವರ್ಷದೊಳಗಿನ ಮಗುವಿಗೆ 8,000 ಡಾಲರ್‌ವರೆಗೆ, 7ರಿಂದ 16ರ ಮಗುವಿಗೆ 5,000ವರೆಗೆ. ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವ ಕಡೆ ಕಟ್ಟಿದ್ದೂ ಸೇರುತ್ತದೆ. ಪಕ್ಕದ ಮನೆಯ ಆಂಟಿ ನೋಡಿಕೊಂಡರೆ ಅವರಿಂದಲೂ ರಸೀದಿ ಬೇಕು, ಅದರಲ್ಲಿ ಅವರ ಸಿನ್ (ಸೋಶಿಯಲ್ ಇನ್ಶೂರೆನ್ಸ್) ನಂಬರ್ ಇರಬೇಕು. ಇದನ್ನು ಡಿಸೆಂಬರ್‌ನಲ್ಲಿ ಕೇಳಿದರೆ ಮುಜುಗರ. ಮಗುವನ್ನು ಬಿಡುವ ಮೊದಲ ದಿನವೇ ಮಾತಾಡಿಕೊಳ್ಳಿ.

ಒಂಟಾರಿಯೊದವರಿಗೆ: ಬಾಡಿಗೆಯ ಫಾರ್ಮ್

ಪ್ರತಿ ವರ್ಷ ನೀವೇ ಕೇಳಬೇಕಾದ ಒಂದು ಕ್ರೆಡಿಟ್ ಇದೆ. ಒಂಟಾರಿಯೊ ಟ್ರಿಲಿಯಂ ಬೆನಿಫಿಟ್‌ನಲ್ಲಿ ಬಾಡಿಗೆ ಅಥವಾ ಮನೆ ತೆರಿಗೆಗೆ ಸೇರಿದ ಭಾಗ ಅದು. ರಿಟರ್ನ್ ಜೊತೆ ಒಎನ್-ಬೆನ್ ಅನ್ನುವ ಫಾರ್ಮ್ ತುಂಬಿದರೆ ಮಾತ್ರ ಸಿಗುತ್ತದೆ. ಹಿಂದಿನ ವರ್ಷ ಯಾವ ವಿಳಾಸದಲ್ಲಿ ಎಷ್ಟು ತಿಂಗಳು ಇದ್ದಿರಿ, ಎಷ್ಟು ಬಾಡಿಗೆ ಕೊಟ್ಟಿರಿ, ಮಾಲೀಕರ ಹೆಸರು ಏನು, ಇಷ್ಟೇ. ಗಂಡ ಹೆಂಡತಿಯಲ್ಲಿ ಒಬ್ಬರು ತುಂಬಿದರೆ ಸಾಕು. ಕಳೆದ ವರ್ಷ ತುಂಬಿದ್ದೆವಲ್ಲ ಅಂತ ಈ ವರ್ಷ ಬಿಟ್ಟರೆ ಬರುವುದಿಲ್ಲ.

ಬೇಸ್‌ಮೆಂಟ್‌ನಲ್ಲಿ ಇರುವವರಿಗೆ ಇಲ್ಲೊಂದು ಕಷ್ಟ. ಕೆಲವು ಮಾಲೀಕರು ರಸೀದಿ ಕೊಡುವುದಿಲ್ಲ, "ನೀವು ಅದನ್ನೆಲ್ಲ ತೋರಿಸಬೇಡಿ" ಅನ್ನುತ್ತಾರೆ. ನಮ್ಮ ಮೊದಲ ಮನೆಯ ಮಾಲೀಕರೂ ಹಾಗೇ ಅಂದರು. ರಿಟರ್ನ್ ಜೊತೆ ರಸೀದಿ ಕಳಿಸಬೇಕಾಗಿಲ್ಲ, ಆದರೆ ಮುಂದೆ ಕೇಳಿದರೆ ತೋರಿಸಬೇಕು. ಅದಕ್ಕೆ ನಾವು ನಗದು ಕೊಡುವುದನ್ನು ನಿಲ್ಲಿಸಿ ಇ-ಟ್ರಾನ್ಸ್‌ಫರ್ ಶುರುಮಾಡಿದೆವು. ಪ್ರತಿ ತಿಂಗಳು ಮೆಸೇಜ್‌ನಲ್ಲಿ "ಮೇ ತಿಂಗಳ ಬಾಡಿಗೆ" ಅಂತ ಬರೆಯುತ್ತಿದ್ದೆ. ನೀವು ಕೊಟ್ಟ ಬಾಡಿಗೆಯನ್ನು ನೀವು ತೋರಿಸುವುದು ನಿಮ್ಮ ಹಕ್ಕು. ಅದಕ್ಕೆ ಅವರ ಅಪ್ಪಣೆ ಬೇಕಿಲ್ಲ.

ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಜಿಎಸ್‌ಟಿ ಕ್ರೆಡಿಟ್‌ಗೆ ಬೇರೆ ಏನೂ ಮಾಡಬೇಕಿಲ್ಲ. ರಿಟರ್ನ್ ಹಾಕಿದರೆ ಅವರೇ ನೋಡುತ್ತಾರೆ. ಹೊಸದಾಗಿ ಬಂದವರು ಮಾತ್ರ ಮೊದಲ ಸಲ ಅರ್ಜಿ ಹಾಕಬೇಕು. ಮಕ್ಕಳಿದ್ದರೆ ಆರ್‌ಸಿ66, ಇಲ್ಲದಿದ್ದರೆ ಆರ್‌ಸಿ151. ಆರ್‌ಸಿ66 ಜೊತೆಗಿನ ಹಾಳೆಯಲ್ಲಿ ಕೆನಡಾಕ್ಕೆ ಬರುವ ಮೊದಲಿನ ಆದಾಯವನ್ನೂ ಕೇಳುತ್ತಾರೆ. ಬೆಂಗಳೂರಿನ ಸಂಬಳವನ್ನು ಡಾಲರಿಗೆ ತಂದು ಬರೆಯಬೇಕು. ವರ್ಕ್ ಪರ್ಮಿಟ್ ಅಥವಾ ಸ್ಟಡಿ ಪರ್ಮಿಟ್‌ನಲ್ಲಿ ಇರುವವರಿಗೆ ಮಕ್ಕಳ ಬೆನಿಫಿಟ್ ಸಿಗಬೇಕಾದರೆ ಇಲ್ಲಿ 18 ತಿಂಗಳು ವಾಸವಿದ್ದು, 19ನೇ ತಿಂಗಳಲ್ಲಿ ಪರ್ಮಿಟ್ ಚಾಲ್ತಿಯಲ್ಲಿರಬೇಕು. ಪಿಆರ್ (ಕಾಯಂ ವಾಸದ ಅನುಮತಿ) ಬಂದವರಿಗೆ ಈ ಕಾಯುವಿಕೆ ಇಲ್ಲ.

ಊರಿನ ಹಣ

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಭಾಗ. ಫೋನ್ ಮಾಡುವ ಹತ್ತು ಜನರಲ್ಲಿ ಎಂಟು ಜನ ಇದನ್ನು ಕೇಳಿ ಸುಮ್ಮನಾಗುತ್ತಾರೆ.

2024ರಲ್ಲಿ ನಾವು ಒಂದು ಟ್ಯಾಕ್ಸ್ ಅಂಗಡಿಗೆ ಹೋದೆವು. ಅಲ್ಲಿ ಕೂತವರು ಟಿ4 (ಕೆಲಸ ಕೊಟ್ಟವರು ಕೊಡುವ ವರ್ಷದ ಸಂಬಳದ ಚೀಟಿ) ಕೇಳಿದರು, ಕೊಟ್ಟೆವು. "ಊರಲ್ಲಿ ಎನ್‌ಆರ್‌ಇ ಎಫ್‌ಡಿ ಇದೆ" ಅಂತ ಮನೆಯವರು ಹೇಳಿದರು. ಎನ್‌ಆರ್‌ಇ ಅಂದರೆ ಹೊರದೇಶದ ಸಂಪಾದನೆಯನ್ನು ಊರಿನ ಬ್ಯಾಂಕಿನಲ್ಲಿ ಇಡುವ ಅನಿವಾಸಿ ಖಾತೆ. "ಅದಕ್ಕೆ ಇಂಡಿಯಾದಲ್ಲೇ ಟ್ಯಾಕ್ಸ್ ಇಲ್ಲ, ಇಲ್ಲಿ ಯಾಕೆ, ಬಿಡಿ" ಅಂದರು ಅಂಗಡಿಯವರು. ಬಿಟ್ಟೆವು. ಮರುವರ್ಷ ಲೈಬ್ರರಿಯಲ್ಲಿ ಹೊಸಬರಿಗಾಗಿ ನಡೆದ ತೆರಿಗೆ ಮಾಹಿತಿ ಕಾರ್ಯಕ್ರಮದಲ್ಲಿ ಕೂತಾಗ ಎದೆ ಧಸಕ್ಕೆಂದಿತು. ಕೆನಡಾದಲ್ಲಿ ವಾಸ ಶುರುವಾದ ದಿನದಿಂದ ಪ್ರಪಂಚದ ಯಾವ ಮೂಲೆಯಿಂದ ಬಂದ ಆದಾಯವಾದರೂ ಇಲ್ಲಿ ತೋರಿಸಬೇಕು. ಇಂಡಿಯಾದಲ್ಲಿ ತೆರಿಗೆ ಇದೆಯೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಣವನ್ನು ಇಲ್ಲಿಗೆ ತರದೆ ಅಲ್ಲೇ ಬಿಟ್ಟಿದ್ದರೂ ಅಷ್ಟೇ.

ಹಾಗಾದರೆ ಯಾವುದೆಲ್ಲ? ಎನ್‌ಆರ್‌ಇ ಬಡ್ಡಿ, ಎನ್‌ಆರ್‌ಒ (ಊರಿನ ಆದಾಯ ಇಡುವ ಅನಿವಾಸಿ ಖಾತೆ) ಬಡ್ಡಿ, ಪಿಪಿಎಫ್ ಬಡ್ಡಿ. ಮೈಸೂರಿನ ಫ್ಲ್ಯಾಟ್‌ನ ಬಾಡಿಗೆ. ಅಡಿಕೆ ತೋಟದ ಆದಾಯವೂ ಹೌದು. ನಾನು ತೀರ್ಥಹಳ್ಳಿ ಕಡೆಯವಳು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅನ್ನುವುದು ನಮಗೆ ಹುಟ್ಟಿದಾಗಿನಿಂದ ಗೊತ್ತಿರುವ ಮಾತು. ಅದು ಅಲ್ಲಿಯ ಕಾನೂನು. ತೋಟ ನಿಮ್ಮದಾಗಿದ್ದು, ಕೊಯ್ಲು ಮುಗಿದ ಮೇಲೆ ಭಾವ ನಿಮ್ಮ ಪಾಲನ್ನು ಖಾತೆಗೆ ಹಾಕುತ್ತಿದ್ದರೆ ಆ ಪಾಲು ಇಲ್ಲಿ ಆದಾಯ. ತೋಟ ಇನ್ನೂ ಮಾವನವರದೇ ಆಗಿದ್ದು, ಆದಾಯವೂ ಅವರದೇ ಆಗಿದ್ದರೆ ಅದು ನಿಮ್ಮದಲ್ಲ. ಅಪ್ಪ ಅಮ್ಮ ಪ್ರೀತಿಯಿಂದ ಮಗಳಿಗೆ ಕಳಿಸಿದ ದುಡ್ಡೂ ಆದಾಯವಲ್ಲ, ಅದು ಉಡುಗೊರೆ. ಈ ವ್ಯತ್ಯಾಸ ಸರಿಯಾಗಿ ತಿಳಿದುಕೊಳ್ಳಿ. ಹೆದರಿ ಉಡುಗೊರೆಯನ್ನೂ ಆದಾಯಕ್ಕೆ ಸೇರಿಸಿದವರನ್ನು ನೋಡಿದ್ದೇನೆ.

ನಮ್ಮದು 26 ಲಕ್ಷದ ಎಫ್‌ಡಿ, ಶೇಕಡಾ 7ರ ಬಡ್ಡಿ. ವರ್ಷಕ್ಕೆ 1,82,000 ರೂಪಾಯಿ. ಆ ವರ್ಷ ಡಾಲರಿಗೆ ಸುಮಾರು 61 ರೂಪಾಯಿ ಇತ್ತು. ಅಂದರೆ 2,980 ಡಾಲರ್. ತಿದ್ದಿದ ಮೇಲೆ ಆ ಬಡ್ಡಿಗೆ ತೆರಿಗೆ ಬಂತು. ಜೊತೆಗೆ ಮಕ್ಕಳ ಬೆನಿಫಿಟ್ ವರ್ಷಕ್ಕೆ 402 ಡಾಲರ್ ಕಡಿಮೆಯಾಯಿತು. ಅಷ್ಟನ್ನು ವಾಪಸ್ ಕೊಟ್ಟೆವು. ಕೊಟ್ಟ ಮೇಲೆ ರಾತ್ರಿ ನಿದ್ದೆ ಸರಿಯಾಯಿತು.

ಲೆಕ್ಕ ಮಾಡುವಾಗ ಎಡವುವ ಜಾಗಗಳು ಇವು. ಮೊದಲನೆಯದು ವರ್ಷ. ಇಂಡಿಯಾದ್ದು ಏಪ್ರಿಲ್‌ನಿಂದ ಮಾರ್ಚ್, ಇಲ್ಲಿನದು ಜನವರಿಯಿಂದ ಡಿಸೆಂಬರ್. ಬ್ಯಾಂಕ್ ಕೊಡುವ ಬಡ್ಡಿ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ನದು. ಅದನ್ನೇ ಹಾಗೇ ಹಾಕಬೇಡಿ. 2025ರ ರಿಟರ್ನ್‌ಗೆ 2025ರ ಜನವರಿಯಿಂದ ಮಾರ್ಚ್‌ವರೆಗಿನದು ಒಂದು ಹಣಕಾಸು ವರ್ಷದಿಂದ, ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನದು ಮುಂದಿನ ವರ್ಷದಿಂದ ತೆಗೆದು ಕೂಡಿಸಬೇಕು. ನಾನು ಜನವರಿ ಮೊದಲ ವಾರದಲ್ಲೇ ನೆಟ್ ಬ್ಯಾಂಕಿಂಗ್‌ನಿಂದ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಂಡು, ಬಡ್ಡಿ ಬಂದ ಸಾಲುಗಳಿಗೆ ಹಳದಿ ಬಣ್ಣ ಹಚ್ಚುತ್ತೇನೆ. ಇನ್ನೊಂದು, ಐದು ವರ್ಷಕ್ಕೆ ಇಟ್ಟು ಬಡ್ಡಿಯೆಲ್ಲ ಕೊನೆಗೆ ಒಟ್ಟಿಗೆ ಬರುವ ಎಫ್‌ಡಿ. ಅದರಲ್ಲೂ ಆಯಾ ವರ್ಷ ಬೆಳೆದ ಬಡ್ಡಿಯನ್ನು ಆಯಾ ವರ್ಷವೇ ತೋರಿಸಬೇಕು. ರೂಪಾಯಿಯನ್ನು ಡಾಲರಿಗೆ ತರಲು ಬ್ಯಾಂಕ್ ಆಫ್ ಕೆನಡಾ ಪ್ರಕಟಿಸುವ ವರ್ಷದ ಸರಾಸರಿ ದರ ಬಳಸಬಹುದು. ಬಡ್ಡಿ ಹೋಗುವುದು ಲೈನ್ 12100ಕ್ಕೆ, ಬಾಡಿಗೆ ಟಿ776 ಫಾರ್ಮ್ ಮೂಲಕ 12600ಕ್ಕೆ.

ಎನ್‌ಆರ್‌ಒ ಬಡ್ಡಿಗೆ ಅಲ್ಲೇ ಟಿಡಿಎಸ್ ಹಿಡಿದಿರುತ್ತಾರೆ. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಆಗದಂತೆ ಇಲ್ಲಿ ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ. ಬಡ್ಡಿಯ ಮೇಲೆ ಭಾರತ-ಕೆನಡಾ ತೆರಿಗೆ ಒಪ್ಪಂದದ ದರ ಶೇಕಡಾ 15, ಕ್ರೆಡಿಟ್ ಕೂಡ ಅಷ್ಟಕ್ಕೇ. ಆದರೆ ಈ ಕ್ರೆಡಿಟ್ ತೆರಿಗೆಯನ್ನು ಇಳಿಸುತ್ತದೆ, ಲೈನ್ 23600 ಅನ್ನು ಇಳಿಸುವುದಿಲ್ಲ. ಹಾಗಾಗಿ ಇಲ್ಲಿ ಒಂದು ಪೈಸೆ ತೆರಿಗೆ ಬರದಿದ್ದರೂ ಬೆನಿಫಿಟ್ ಕಡಿಮೆಯಾಗಬಹುದು. "ಅಲ್ಲೇ ಟ್ಯಾಕ್ಸ್ ಕಟ್ಟಿದ್ದೇವೆ, ಇಲ್ಲಿ ತೋರಿಸಬೇಕಿಲ್ಲ" ಅನ್ನುವ ಮಾತು ಅದಕ್ಕೇ ತಪ್ಪು.

ಊರಿನ ಎಫ್‌ಡಿ, ಮ್ಯೂಚುವಲ್ ಫಂಡ್, ಬಾಡಿಗೆಗೆ ಕೊಟ್ಟ ಮನೆ ಎಲ್ಲ ಸೇರಿ, ಬರುವ ಮೊದಲೇ ಇದ್ದದ್ದಕ್ಕೆ ಇಲ್ಲಿ ವಾಸ ಶುರುವಾದ ದಿನದ ಬೆಲೆಯಲ್ಲಿ, ಆಮೇಲೆ ಕೊಂಡದ್ದಕ್ಕೆ ಕೊಂಡ ಬೆಲೆಯಲ್ಲಿ, 1,00,000 ಕೆನಡಾ ಡಾಲರ್ ದಾಟಿದರೆ ಟಿ1135 ಅನ್ನುವ ಇನ್ನೊಂದು ಫಾರ್ಮ್ ಇದೆ. ಇಲ್ಲಿಗೆ ಬಂದ ಮೊದಲ ವರ್ಷಕ್ಕೆ ಅದು ಬೇಡ. ತಡವಾದರೆ ದಿನಕ್ಕೆ 25 ಡಾಲರ್‌ನಂತೆ 2,500ವರೆಗೆ ದಂಡ. ನಿಮ್ಮದು ಈ ಮಟ್ಟಕ್ಕೆ ಬಂದಿದ್ದರೆ ತಿಳಿದ ಅಕೌಂಟೆಂಟ್ ಬಳಿ ಹೋಗಿ, ಆ ಫೀಸು ವ್ಯರ್ಥವಲ್ಲ.

ರಿಟರ್ನ್‌ಗೆ ಕಾಯದೆ ಹೇಳಬೇಕಾದವು

ಆದಾಯದ ಏರಿಳಿತವನ್ನು ಮಧ್ಯದಲ್ಲಿ ಹೇಳುವ ವ್ಯವಸ್ಥೆ ಇಲ್ಲಿಲ್ಲ. ನಮ್ಮ ಮನೆಯವರನ್ನು 2025ರ ಅಕ್ಟೋಬರ್‌ನಲ್ಲಿ ಕೆಲಸದಿಂದ ತೆಗೆದರು. ಮರುದಿನವೇ ಫೋನ್ ಮಾಡಿದರೂ ಬೆನಿಫಿಟ್ ಏರುತ್ತಿರಲಿಲ್ಲ. ಆ ನಷ್ಟ ಲೆಕ್ಕಕ್ಕೆ ಬರುವುದು 2026ರ ಜುಲೈಯಿಂದ. ಅದಕ್ಕೇ ಕೆಲಸ ಹೋದ ವರ್ಷ ರಿಟರ್ನ್ ಬೇಗ ಹಾಕಿ. ಇಐ (ಕೆಲಸ ಹೋದವರಿಗೆ ಸಿಗುವ ಉದ್ಯೋಗ ವಿಮೆ) ಹಣವೂ ಆದಾಯವೇ ಅನ್ನುವುದು ನೆನಪಿರಲಿ, ಅದಕ್ಕೆ ಟಿ4ಇ ಬರುತ್ತದೆ. ಮಕ್ಕಳ ಬೆನಿಫಿಟ್, ಜಿಎಸ್‌ಟಿ ಕ್ರೆಡಿಟ್, ಟ್ರಿಲಿಯಂ ಇವು ಮಾತ್ರ ಆದಾಯವಲ್ಲ, ತೆರಿಗೆಯೂ ಇಲ್ಲ.

ಮನೆಯ ಬದಲಾವಣೆಗಳ ವಿಷಯ ಬೇರೆ. ಮದುವೆ, ವಿಚ್ಛೇದನ, ಗಂಡ ಅಥವಾ ಹೆಂಡತಿಯ ಸಾವು ಇವನ್ನು ಮುಂದಿನ ತಿಂಗಳು ಮುಗಿಯುವುದರೊಳಗೆ ತಿಳಿಸಬೇಕು. ಸಿಆರ್‌ಎ ವೆಬ್‌ಸೈಟಿನ ಮೈ ಅಕೌಂಟ್‌ನಲ್ಲಿ ಮಾಡಬಹುದು, ಆರ್‌ಸಿ65 ಫಾರ್ಮ್‌ನಲ್ಲಿ ಮಾಡಬಹುದು, 1-800-387-1193ಕ್ಕೆ ಫೋನ್ ಮಾಡಿಯೂ ಹೇಳಬಹುದು. ಸಂಬಂಧ ಮುರಿದು ಬೇರೆಯಾದರೆ, ಸತತ 90 ದಿನ ಬೇರೆ ಇದ್ದ ಮೇಲೆ ತಿಳಿಸಬೇಕು.

"ಸಂಬಂಧ ಮುರಿದು" ಅನ್ನುವುದನ್ನು ಗಮನಿಸಿ. 2024ರಲ್ಲಿ ಅತ್ತೆಗೆ ಪಾರ್ಶ್ವವಾಯು ಆಗಿ ಮನೆಯವರು ಐದು ತಿಂಗಳು ಊರಲ್ಲಿದ್ದರು. ಪರಿಚಯದವರೊಬ್ಬರು, "90 ದಿನ ದಾಟಿತಲ್ಲ, ಸೆಪರೇಟೆಡ್ ಅಂತ ಹಾಕು, ನಿನ್ನೊಬ್ಬಳ ಆದಾಯ ಹಿಡಿದು ಪೂರ್ತಿ ಹಣ ಬರುತ್ತೆ" ಅಂದರು. ನನಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು. ಆದರೆ ಅದು ಸುಳ್ಳಾಗುತ್ತಿತ್ತು. ಕೆಲಸಕ್ಕೆ, ಓದಿಗೆ, ಕಾಯಿಲೆಗೆ ದೂರ ಇದ್ದರೆ ನೀವು ಗಂಡ ಹೆಂಡತಿಯೇ. ಗಂಡ ಕ್ಯಾಲ್ಗರಿಯಲ್ಲಿ, ಹೆಂಡತಿ ಟೊರೊಂಟೊದಲ್ಲಿ ಕೆಲಸ ಮಾಡುತ್ತಿದ್ದರೂ ಅಷ್ಟೇ. ಸುಳ್ಳು ಹೇಳಿ ಪಡೆದ ಹಣವನ್ನು ವರ್ಷಗಳ ಬಳಿಕವೂ ವಾಪಸ್ ಕೇಳುತ್ತಾರೆ. ಆಗ ಅದು ತಿಂಗಳಿನ ಹಣವಲ್ಲ, ಸಾವಿರಗಟ್ಟಲೆ ಸಾಲ.

ಇದರ ಇನ್ನೊಂದು ರೂಪ, ಗಂಡ ಅಥವಾ ಹೆಂಡತಿ ಇನ್ನೂ ಊರಲ್ಲೇ ಇದ್ದು ಸ್ಪಾನ್ಸರ್‌ಶಿಪ್‌ಗೆ ಕಾಯುತ್ತಿರುವುದು. ಅವರು ಇಲ್ಲಿಲ್ಲ ಅಂತ "ಸಿಂಗಲ್" ಹಾಕಬೇಡಿ. ಮದುವೆಯಾಗಿದೆ ಅಂತಲೇ ಹಾಕಿ, ಅವರ ಅಲ್ಲಿನ ಆದಾಯ ತೋರಿಸಿ. ಅವರು ಇಲ್ಲಿಯ ನಿವಾಸಿಯಲ್ಲದಿರುವಷ್ಟು ಕಾಲ ಪ್ರತಿ ವರ್ಷ ಸಿಟಿಬಿ9 ಅನ್ನುವ ಫಾರ್ಮ್ ಕೊಡಬೇಕು. ಇದೂ ಒಂದು ನವೀಕರಣವೇ, ಬಹಳ ಜನ ಮರೆಯುವುದು ಇದನ್ನೇ.

ಇನ್ನುಳಿದವು ಬೇಗ ಹೇಳುತ್ತೇನೆ. ಪರ್ಮಿಟ್ ನವೀಕರಣವಾದರೆ ಅಥವಾ ಪಿಆರ್ ಬಂದರೆ ತಿಳಿಸಿ, ಹಳೆಯ ಪರ್ಮಿಟ್ ಮುಗಿದ ದಿನವೇ ಅವರ ಕಣ್ಣಿಗೆ ಬೀಳುವುದು. ಮಗು ನಿಮ್ಮ ಜೊತೆ ಇರುವುದು ನಿಂತರೆ ತಿಳಿಸಿ. ಮಗುವನ್ನು ಒಂದು ವರ್ಷ ಅಜ್ಜಿಯ ಮನೆಯಲ್ಲಿ ಬಿಟ್ಟು ಬಂದವರಿಗೂ ಇದು ಅನ್ವಯಿಸುತ್ತದೆ. ಮನೆ ಬದಲಿಸಿದರೆ ವಿಳಾಸ ಬದಲಿಸಿ, ಅವರ ಪತ್ರ ವಾಪಸ್ ಹೋದರೆ ಹಣ ನಿಲ್ಲಬಹುದು. ಬ್ಯಾಂಕ್ ಬದಲಿಸಿದರೆ, ಹೊಸ ಖಾತೆಗೆ ಒಂದು ತಿಂಗಳ ಹಣ ಬೀಳುವವರೆಗೆ ಹಳೆಯದನ್ನು ಮುಚ್ಚಬೇಡಿ. ಒಂಟಾರಿಯೊದಲ್ಲಿ ಮಗು ಹುಟ್ಟಿದರೆ ಜನನ ನೋಂದಣಿ ಮಾಡುವಾಗಲೇ ಬೆನಿಫಿಟ್‌ಗೂ ಒಪ್ಪಿಗೆ ಕೊಡಬಹುದು, ಬೇರೆ ಅರ್ಜಿ ಬೇಡ. ಮಗುವಿಗೆ 6 ತುಂಬಿದರೆ ಯಾರಿಗೂ ಹೇಳಬೇಕಿಲ್ಲ. ಹಣ ತಾನಾಗೇ ಕಡಿಮೆಯಾಗುತ್ತದೆ, ಏನೋ ತಪ್ಪಾಗಿದೆ ಅಂತ ಗಾಬರಿಯಾಗಬೇಡಿ.

ತಪ್ಪಾಗಿದ್ದರೆ

ನೀವೇ ಮೊದಲು ಹೋಗಿ ತಿದ್ದಿ. ನೋಟಿಸ್ ಆಫ್ ಅಸೆಸ್‌ಮೆಂಟ್ ಬರುವವರೆಗೆ ಕಾಯಿರಿ, ಆಮೇಲೆ ಮೈ ಅಕೌಂಟ್‌ನಲ್ಲಿ "ಚೇಂಜ್ ಮೈ ರಿಟರ್ನ್" ಒತ್ತಿ ಆ ಸಾಲಿನ ಅಂಕಿ ಬದಲಿಸಿ. ಹತ್ತು ವರ್ಷ ಹಿಂದಿನದರವರೆಗೂ ತಿದ್ದಬಹುದು. ನಾವು ಬಡ್ಡಿ ಸೇರಿಸಿದ್ದು ಹೀಗೇ, ಹದಿನೈದು ನಿಮಿಷದ ಕೆಲಸ. ತಿದ್ದಿದ ಮೇಲೆ ಬೆನಿಫಿಟ್‌ಅನ್ನೂ ಅವರೇ ಮತ್ತೆ ಲೆಕ್ಕ ಹಾಕಿ ಪತ್ರ ಕಳಿಸುತ್ತಾರೆ. ಜಾಸ್ತಿ ಬಂದಿದ್ದರೆ ಮುಂದಿನ ತಿಂಗಳುಗಳ ಹಣದಲ್ಲಿ ಹಿಡಿದುಕೊಳ್ಳುತ್ತಾರೆ. ಪೂರ್ತಿ ಹಿಡಿದರೆ ಮನೆ ನಡೆಯುವುದಿಲ್ಲ ಅನ್ನುವ ಪರಿಸ್ಥಿತಿ ಇದ್ದರೆ ಫೋನ್ ಮಾಡಿ ಹೇಳಿ, ಸ್ವಲ್ಪ ಸ್ವಲ್ಪವಾಗಿ ಕಟ್ಟಲು ಕೇಳಿ. ತಿದ್ದುವುದರಿಂದ ನಿಮಗೇ ಹಣ ಬರುವುದೂ ಉಂಟು. ಡೇಕೇರ್ ರಸೀದಿ ಬಿಟ್ಟುಹೋಗಿದ್ದ ಗೆಳತಿಯೊಬ್ಬಳಿಗೆ ಎರಡು ವರ್ಷದ ಬಾಕಿ ಸೇರಿ ಬಂತು.

ಕೆಲವರಿಗೆ ಪರಿಶೀಲನೆಯ ಪತ್ರ ಬರುತ್ತದೆ. ಮಕ್ಕಳು ನಿಮ್ಮ ಜೊತೆ ಇದ್ದಾರಾ, ನೀವು ಈ ವಿಳಾಸದಲ್ಲಿ ಇದ್ದೀರಾ ಅಂತ ದಾಖಲೆ ಕೇಳುತ್ತಾರೆ. ಅದು ಅಪರಾಧದ ಆರೋಪವಲ್ಲ. ಆದರೆ ಉತ್ತರ ಕೊಡದಿದ್ದರೆ ಹಣ ನಿಲ್ಲುತ್ತದೆ. ಶಾಲೆಯಿಂದ ಒಂದು ಪತ್ರ, ಡೇಕೇರ್‌ನಿಂದ ಒಂದು, ಮನೆಯ ಬಾಡಿಗೆ ಕರಾರು ಇವನ್ನು ತಯಾರಿಟ್ಟುಕೊಳ್ಳಿ. ಡೇಕೇರ್‌ನಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತೇನೆ, ಅಂಥ ಪತ್ರ ಕೇಳುವ ತಾಯಂದಿರು ಬಹಳ ಜನ, ಸಂಕೋಚ ಬೇಡ. ಬೆನಿಫಿಟ್ ಕೊಡುತ್ತೇವೆ, ಈ ಲಿಂಕ್ ಒತ್ತಿ ಅಂತ ಬರುವ ಮೆಸೇಜ್ ಮಾತ್ರ ಮೋಸ. ಕಂದಾಯ ಇಲಾಖೆ ಇ-ಟ್ರಾನ್ಸ್‌ಫರ್‌ನಲ್ಲಿ ಹಣ ಕಳಿಸುವುದಿಲ್ಲ.

ಕಡಿಮೆ ಆದಾಯದ, ಸರಳ ರಿಟರ್ನ್ ಇರುವವರಿಗೆ ಸ್ವಯಂಸೇವಕರು ಉಚಿತವಾಗಿ ಫೈಲ್ ಮಾಡಿಕೊಡುವ ಕ್ಲಿನಿಕ್‌ಗಳು ಮಾರ್ಚ್, ಏಪ್ರಿಲ್‌ನಲ್ಲಿ ನಡೆಯುತ್ತವೆ. ಲೈಬ್ರರಿಯಲ್ಲಿ ಕೇಳಿದರೆ ಹೇಳುತ್ತಾರೆ. ನೂರು ಡಾಲರ್ ಕೊಡುವ ಮೊದಲು ಅಲ್ಲಿ ಕೇಳಿ. ಎಲ್ಲಿ ಹೋದರೂ ಊರಿನ ಬಡ್ಡಿ, ಬಾಡಿಗೆಯ ಹಾಳೆಯನ್ನು ನೀವೇ ಮೊದಲು ಮುಂದಿಡಿ. ಅವರು ಕೇಳಲಿಲ್ಲ ಅನ್ನುವ ಕಾರಣ ಆಮೇಲೆ ನಡೆಯುವುದಿಲ್ಲ. ರಿಟರ್ನ್‌ಗೆ ಸಹಿ ನಿಮ್ಮದು.

ಜುಲೈಯಲ್ಲಿ ನೋಟಿಸ್ ಬಂದಾಗ

ಮೊದಲ ಪುಟದಲ್ಲಿ ತಿಂಗಳ ಮೊತ್ತ ನೋಡಿ ಬದಿಗಿಡಬೇಡಿ. ಒಳಗೆ ಲೆಕ್ಕ ಇರುತ್ತದೆ. ಅದರಲ್ಲಿ ಮೂರು ಕಡೆ ಬೆರಳಿಟ್ಟು ನೋಡಿ. ನಿಮ್ಮ ಮತ್ತು ನಿಮ್ಮವರ ಆದಾಯದ ಅಂಕಿ ಎರಡೂ ರಿಟರ್ನ್‌ನ 23600ಕ್ಕೆ ಹೊಂದುತ್ತದಾ? ಮಕ್ಕಳ ಹೆಸರು, ಹುಟ್ಟಿದ ದಿನ ಸರಿ ಇದೆಯಾ? ಮದುವೆಯ ಸ್ಥಿತಿ ಸರಿ ಇದೆಯಾ? ನಮ್ಮ 2024ರ ನೋಟಿಸ್‌ನಲ್ಲಿ ಮನೆಯವರ ಆದಾಯ ಟಿ4ನಲ್ಲಿದ್ದಷ್ಟೇ ಇತ್ತು, ಎಫ್‌ಡಿ ಬಡ್ಡಿ ಇರಲಿಲ್ಲ. ಆಗ ನೋಡಿಕೊಂಡಿದ್ದರೆ ಆಗಲೇ ತಿದ್ದಬಹುದಿತ್ತು.

ನೋಟಿಸ್ ನೋಡಿದ ಮೇಲೆ ಅದನ್ನು ಆ ವರ್ಷದ ಎರಡು ರಿಟರ್ನ್, ಬಾಡಿಗೆಯ ಸ್ಟೇಟ್‌ಮೆಂಟ್, ಊರಿನ ಬಡ್ಡಿಯ ಹಳದಿ ಹಾಳೆ ಜೊತೆ ಒಂದೇ ಕವರಿನಲ್ಲಿ ಹಾಕಿ ಮೇಲೆ ವರ್ಷ ಬರೆಯಿರಿ. ಆರು ವರ್ಷ ಇಟ್ಟುಕೊಳ್ಳಬೇಕು. ನಮ್ಮ ಮನೆಯಲ್ಲಿ ಅಂಥ ನಾಲ್ಕು ಕವರ್ ಇವೆ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಪಾಸ್‌ಪೋರ್ಟ್‌ಗಳ ಪಕ್ಕ.